ಮೊದಲು ‘ಬೇಕೇನು’ ಎಂದು ಕೇಳಿದವರು

ಗಡಿಭಾಗದ ಕನ್ನಡ ಶಾಲೆಗಳನ್ನು ಉಳಿಸಿದವರು ಯಾರು ಎಂದು ಕೇಳಿದರೆ ವೇದಿಕೆಯ ಮೇಲೆ ಕೂರುವವರ ಹೆಸರುಗಳು ಬೇಗ ನೆನಪಾಗುತ್ತವೆ. ಉತ್ತರವಿರುವುದು ತರಗತಿಗಳಲ್ಲಿ. ಮಿರಜದ ನಮ್ಮ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಮೂರು ದಶಕಗಳಿಗೂ ಮಿಕ್ಕಿ ದುಡಿದು, ಈ ವರ್ಷ ನಿವೃತ್ತರಾಗುತ್ತಿರುವ ಶ್ರೀಮತಿ ಶಾಲನ ಹೊಸಮನಿಯವರು, ಶಿಕ್ಷಕಿಯರನ್ನು ಕರೆಯುವ ಈ ಕಡೆಯ ರೂಢಿಯಂತೆ ನಮ್ಮೆಲ್ಲರ ‘ಬಾಯಾರು’, ಅಂಥವರಲ್ಲಿ ಒಬ್ಬರು.

ಅವರ ಈ ಅಭಿನಂದನ ಸಂಪುಟದ ಲೇಖನಗಳನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೆಚ್ಚಿನವುಗಳಲ್ಲಿ ಒಂದೇ ಹೊಗಳಿಕೆ: ಬಾಯಾರು ಸೌಮ್ಯ ಸ್ವಭಾವದವರು, ಎಂದೂ ಎದುರಾಡಿದವರಲ್ಲ. ಮೊದಲನೆಯದು ನಿಜ. ಎರಡನೆಯದು ಸುಳ್ಳು, ಅದೂ ಹೇಳುವವರ ಅನುಕೂಲಕ್ಕೆ ಹುಟ್ಟಿದ ಸುಳ್ಳು.

ಅವರ ತಂದೆ ಆಸ್ಪತ್ರೆಯೊಂದರಲ್ಲಿ ವಾರ್ಡಿನ ಕೆಲಸಕ್ಕಿದ್ದವರು. ಮನೆಯಲ್ಲಿ ಪ್ರಾರ್ಥನೆ ಕನ್ನಡದಲ್ಲಿ, ಜಗಳ ಮರಾಠಿಯಲ್ಲಿ ನಡೆಯುತ್ತಿತ್ತು ಎಂದು ಬಾಯಾರೇ ನಗುತ್ತ ಹೇಳುತ್ತಾರೆ. ಹತ್ತಿರದ ಆರಗ ಎಂಬ ಹಳ್ಳಿಯ ಶಾಲೆಯಲ್ಲಿ ಕೆಲಸ ಆರಂಭಿಸಿ, ಕೆಲವು ವರ್ಷ ಬಸ್ಸಿನಲ್ಲಿ ಓಡಾಡಿ, ಆಮೇಲೆ ನಮ್ಮ ಶಾಲೆಗೆ ಬಂದರು. ನಾನು ಇಲ್ಲಿ ಪಾಠ ಹೇಳಲು ಸೇರಿದ ವರ್ಷ, ನಾನಿದ್ದ ಹಾಸ್ಟೆಲಿನಲ್ಲಿ ಭಾನುವಾರ ಸಂಜೆ ಅಡುಗೆ ಇರುತ್ತಿರಲಿಲ್ಲ. ಬಾಯಾರು ಮನೆಗೆ ಕರೆದರು. ಕರೆದವರು ಉಳ್ಳಾಗಡ್ಡಿ ಹೆಚ್ಚಲು ಕೂರಿಸಿದರು. ಉಪಕಾರ ಪಡೆದವರಂತೆ ತಲೆ ತಗ್ಗಿಸಿ ಉಣ್ಣುವ ಸಂಕಟ ಆ ಮನೆಯಲ್ಲಿ ಯಾರಿಗೂ ಬಂದದ್ದನ್ನು ನಾನು ಕಂಡಿಲ್ಲ.

ಅವರ ಮಗಳು ಶುಭಾಂಗಿಯ ಮಗ ಅಭಿಜಿತ ನಮ್ಮಲ್ಲೇ ಮೂರನೆಯ ತರಗತಿಯಲ್ಲಿದ್ದ. ಒಮ್ಮೆ ನಾತಾಳದ, ಅಂದರೆ ಕ್ರಿಸ್‌ಮಸ್ಸಿನ, ಮುಂಚೆ, ಬೇರೆ ಮಕ್ಕಳಿಗೆ ಕೊಡುವ ಚೀಲದಲ್ಲಿ ಅವನು ಗಾಲಿ ಕಳಚಿದ ಆಟಿಕೆ ಮೋಟಾರು ಹಾಕುತ್ತಿದ್ದ.

“ಅದು ಮುರದೈತಲ್ಲೋ,” ಎಂದರು ಬಾಯಾರು.

“ಅದಕ್ಕ ಕೊಡಾಕತ್ತೀನಿ, ಆಜಿ.”

“ಕಸಾ ಒಯ್ಯಾಕ ಘಂಟಾಗಾಡಿ ಬರ್ತೈತಿ. ಹುಡುಗೂರ ಮನಿಗೆ ಯಾಕ ಕಳಸ್ತಿ?”

ಅವನು ಮುಖ ಊದಿಸಿಕೊಂಡು ಒಳ್ಳೆಯದೊಂದನ್ನು ತಂದ. ಅದನ್ನೂ ತಡೆದರು. “ಮೊದಲ ಹೋಗಿ ಬೇಕೇನಂತ ಕೇಳು. ಬ್ಯಾಡಂದ್ರ ಸಿಟ್ಟಾಗಬ್ಯಾಡ.”

ಮೂರನೆಯ ತರಗತಿಯ ಹುಡುಗನಿಗೆ ತಿಳಿದ ಈ ಮಾತು ನಮ್ಮ ದಾನಿಗಳ ಸಮಿತಿಗೆ ತಿಳಿಯಲಿಲ್ಲ. ಹೋದ ಡಿಸೆಂಬರಿನಲ್ಲಿ ಅವರು ಬಡ ಮಕ್ಕಳಿಗೆ ಸ್ವೆಟರು ಹಂಚಿದರು. ಹೆಸರು ಕೂಗಿ, ವೇದಿಕೆಗೆ ಹತ್ತಿಸಿ, ಫೋಟೋ ತೆಗೆಸಿ ಹಂಚಿದರು. ಕೊಡಲು ಅಭಿಜಿತನನ್ನು ನಿಲ್ಲಿಸಿದ್ದರು. ಅವನ ತರಗತಿಯ ಸ್ವಪ್ನಾಲಿಯ ಸರದಿ ಬಂದಾಗ ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಬ್ಯಾಡ್ರಿ.”

“ತಗೋ ಅವ್ವಿ, ಫೋಟೋ ನಿಂತೈತಿ,” ಎಂದರು ಸಮಿತಿಯ ಅಧ್ಯಕ್ಷ ಬಾಪೂಸಾಹೇಬರು. ಸಭೆ ನಕ್ಕಿತು. ಯಾರೋ ಅದನ್ನು ಅವಳ ಹೆಗಲಿಗೆ ಹಾಕಿದರು. ಅವಳು ತೆಗೆದು, ಮಡಚಿ, ಮೇಜಿನ ಮೇಲಿಟ್ಟು ಇಳಿದು ಹೋದಳು. “ಬಡವರಿಗೆ ಇಷ್ಟ ಸೊಕ್ಕು ಇರಬಾರದು,” ಎಂದು ಅಧ್ಯಕ್ಷರು ಮೈಕಿನಲ್ಲೇ ಅಂದರು. ಬಾಯಾರು ಹಿಂದಿನ ಸಾಲಿನಿಂದ ಎದ್ದು ಹುಡುಗಿಯ ಹಿಂದೆ ಹೋದರು. ಮರುದಿನದಿಂದ ಸ್ವಪ್ನಾಲಿ ಶಾಲೆಗೆ ಬರಲಿಲ್ಲ.

ಇದಾದ ಮೇಲೆ ಸಮಿತಿ ಮಾಡಿದ್ದೇನು? ಹುಡುಗಿಯ ತಾಯಿ ಬಂದು ದಾನಿಗಳ ಕ್ಷಮೆ ಕೇಳಬೇಕೆಂದು ಹೇಳಿತು. ತಾಯಿಯನ್ನು ಒಪ್ಪಿಸಿ ಕರೆತರುವ ಕೆಲಸವನ್ನು ಬಾಯಾರಿಗೆ ವಹಿಸಿತು, ಅವರು ಸೌಮ್ಯರಲ್ಲವೇ. ಬಾಯಾರು ಇಲ್ಲ ಎನ್ನಲಿಲ್ಲ. ಅಭಿಜಿತನನ್ನು ಕರೆದುಕೊಂಡು ಹೊರಟರು; ನಾನೂ ಹೋದೆ.

ಸ್ವಪ್ನಾಲಿಯ ತಾಯಿ ಹಣಮವ್ವ ವಿಜಯಪುರದ ಕಡೆಯಿಂದ ಬಂದು ಕಟ್ಟಡಗಳಲ್ಲಿ ಕೂಲಿ ಮಾಡುವವಳು. ಮಾಲಗಾಂವ ರಸ್ತೆಯ ತಗಡಿನ ಮನೆಯ ಮುಂದೆ ನಮ್ಮನ್ನು ನಿಲ್ಲಿಸಿಯೇ ಮಾತಾಡಿದಳು.

“ನನ್ನ ಮಗಳ ಕಡೆ ಸ್ವೆಟರ್ ಇಲ್ಲಂತ ನಿಮಗ ಯಾರ ಹೇಳಿದ್ರು? ಅವರಪ್ಪ ತಂದದ್ದೈತಿ. ಅವತ್ತ ಒಗದು ಹಾಕಿದ್ದೆ.”

ಹುಡುಗಿ ಅದನ್ನೇ ತೊಟ್ಟು ಬಾಗಿಲಲ್ಲಿ ನಿಂತಿದ್ದಳು. ಬಾಯಾರು ಕೈಮುಗಿದರು. “ತಪ್ಪ ನಮ್ಮದೈತಿ, ಹಣಮವ್ವಾ. ನಾವು ಕೇಳಲಿಲ್ಲ. ಕ್ಷಮಾ ಮಾಡ್ರಿ.”

“ನಾನೂ ಕೇಳಲಿಲ್ಲ,” ಎಂದ ಅಭಿಜಿತ, ನೆಲ ನೋಡುತ್ತ.

ಹಣಮವ್ವ ಒಂದು ಚಾಪೆ ಹಾಸಿ, “ಕುಂದ್ರಿ,” ಎಂದಳು. ಆಮೇಲೆ ಹುಡುಗನಿಗೆ, “ಶೇಂಗಾ ತಿಂತಿಯೇನೋ?” ಎಂದಳು. ನಾವು ಹೊರಡುವಾಗ ತನ್ನ ಷರತ್ತು ಹೇಳಿದಳು: “ನೀವು ಇರೂತನಕ ಕಳಸ್ತೀನ್ರಿ ಬಾಯಾರ. ನೀವು ಬಿಟ್ಟ ದಿನ ನಾನೂ ಬಿಡಸ್ತೀನಿ.”

ಸಮಿತಿಯ ಸಭೆಯಲ್ಲಿ ಬಾಪೂಸಾಹೇಬರು, “ಕ್ಷಮಾ ಕೇಳೂದು ಆತೇನ್ರಿ?” ಎಂದರು.

“ಆತ್ರಿ. ಹಣಮವ್ವನ ಕಡೆ ಕೇಳಿ ಬಂದೇನಿ. ನಿಮ್ಮ ಪರವಾಗಿನೂ ಕೇಳೇನಿ.”

“ನನ್ನ ಪರವಾಗಿ? ಯಾರ ಹೇಳಿದ್ರು ನಿಮಗ?”

“ನೀವ ಕಳಿಸಿದ್ರಲ್ರಿ. ಮೈಕಿನಾಗ ಅಂದ ಮಾತಿಂದು ಮಾತ್ರ ನೀವ ಹೋಗಿ ಕೇಳಬೇಕ್ರಿ.”

ದನಿ ಎಂದಿಗಿಂತ ಮೆತ್ತಗಿತ್ತು. ಅಧ್ಯಕ್ಷರು ಇಂದಿನವರೆಗೂ ಹೋಗಿಲ್ಲ. ಆದರೆ ಬಾಯಾರ ಸೌಮ್ಯತೆಯ ಬಗ್ಗೆ ಈ ಸಂಪುಟಕ್ಕೆ ಲೇಖನ ಕಳಿಸಿದ್ದಾರೆ. ಯೇಸುಸ್ವಾಮಿಯ ದೀನತೆಯನ್ನು ಬಾಯಾರು ಕಲಿತದ್ದು ಅನ್ಯಾಯಕ್ಕೊಳಗಾದವರ ಮುಂದೆ ಬಾಗಲು. ಅದನ್ನು ನಾವು ನಮ್ಮ ಮುಂದೆ ಬಾಗಿದ್ದೆಂದು ಓದಿಕೊಂಡೆವು. ಹೊಗಳಿಕೆಯ ಹೆಸರಿನಲ್ಲಿ ಒಬ್ಬರ ಬಾಯಿ ಕಟ್ಟುವ ಈ ರೂಢಿ ನನಗೆ ಹೇಸಿಗೆ ತರಿಸುತ್ತದೆ.

ಸ್ವಪ್ನಾಲಿ ಈಗ ಚೆನ್ನಾಗಿ ಓದುತ್ತಿದ್ದಾಳೆ. ಬರುವ ಡಿಸೆಂಬರಿಗೂ ಸಮಿತಿ ಅದೇ ಕಾರ್ಯಕ್ರಮ ಇಟ್ಟುಕೊಂಡಿದೆ, ಮತ್ತು ಬಾಯಾರು ಇರುವುದಿಲ್ಲ. ಒಬ್ಬ ಶಿಕ್ಷಕಿಯ ನಿವೃತ್ತಿಯೊಂದಿಗೆ ಒಂದು ಮಗುವಿನ ಶಾಲೆ ಮುಗಿಯುವುದಾದರೆ ಉಳಿದ ನಾವೆಲ್ಲ ಇಲ್ಲಿ ಯಾಕಿದ್ದೇವೆ? ಹೋದ ವಾರ ಬಾಯಾರು ಮತ್ತೆ ಆ ಮನೆಗೆ ಹೋಗಿ, “ಹುಡುಗೀನ ಬಿಡಸಬ್ಯಾಡ್ರಿ, ಇನ್ನ ಯಾರ ಹೆಸರೂ ಕೂಗೂದಿಲ್ಲಂತ ಶಿಕ್ಷಕರೆಲ್ಲಾ ಮಾತ ಕೊಟ್ಟಾರ,” ಎಂದು ಹೇಳಿ ಬಂದಿದ್ದಾರೆ. ಕೊಟ್ಟದ್ದು ನಿಜ. ಹಣಮವ್ವ ಅಂದದ್ದು ಇಷ್ಟೇ: “ನೋಡೂಣ್ರಿ.”

ಶಾಲನ ಬಾಯಾರಿಗೆ ದೀರ್ಘಾಯುಸ್ಸು ಸಿಗಲಿ. ಸಂಜೆ ತಮ್ಮ ಪಡಸಾಲೆಯಲ್ಲಿ ಮಕ್ಕಳನ್ನು ಕೂಡಿಸಿ ಓದಿಸಬೇಕೆಂಬ ಅವರ ಬಯಕೆ ಕೈಗೂಡಲಿ. ಮಾಲಗಾಂವ ರಸ್ತೆಯ ಆ ಮನೆಗೆ, ನಮ್ಮ ಪರವಾಗಿ ಕ್ಷಮೆ ಕೇಳಲೆಂದು, ಅವರನ್ನು ಇನ್ನೊಮ್ಮೆ ಕಳಿಸುವ ನಾಚಿಕೆಗೇಡು ಮಾತ್ರ ನಮ್ಮಿಂದ ಆಗದಿರಲಿ.