ಮೂರು ಬಣ್ಣದ ಉತ್ತರಪತ್ರಿಕೆ

ಅದು ೨೦೧೮ ಇರಬೇಕು, ಹತ್ತೊಂಬತ್ತೂ ಇರಬಹುದು. ನಾನಾಗ ಸುರಪುರದ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕ. ಬೋನಾಳ ಕಡೆಯ ಅಂಗನವಾಡಿ ಸಹಾಯಕಿ ಮೆಹಬೂಬಿ ಶಾಲೆ ಬಿಟ್ಟ ಮೇಲೆ ಪಾಠಕ್ಕೆ ಬರುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಅವರಿಗೆ ಉಳಿದಿದ್ದುದು ಇಂಗ್ಲಿಷ್ ಒಂದೇ. ಅದೇ ಅಂಗನವಾಡಿಯ ಕಾರ್ಯಕರ್ತೆ ಆ ವರ್ಷ ನಿವೃತ್ತರಾಗುವವರಿದ್ದರು. ಪಾಸಾದರೆ ಆ ಹುದ್ದೆ ಇವರಿಗೆ ಸಿಗುವಂತಿತ್ತು.

ನೌನ್ ಎಂದರೆ ಹೆಸರು, ಅಡ್ಜೆಕ್ಟಿವ್ ಎಂದರೆ ಆ ಹೆಸರಿನ ಗುಣ. ವ್ಯಾಖ್ಯೆ ಅವರಿಗೆ ಬಾಯಿಪಾಠವಿತ್ತು. ವಾಕ್ಯ ಕೊಟ್ಟು ಗುರುತಿಸಿ ಎಂದರೆ ಕೈ ನಿಲ್ಲುತ್ತಿತ್ತು.

“ಬ್ಯಾಳ್ಯಾಗಿನ ಹರಳು ಆರಸು ಅಂದ್ರ ಕಣ್ಮುಚ್ಚಿ ಆರಸ್ತೀನ್ರಿ ಸರ. ಇವು ಎಲ್ಲಾ ಒಂದೇ ನಮೂನಿ ಕಾಣ್ತಾವ.”

ಹಾಗಾದರೆ ಬೇರೆಬೇರೆ ಕಾಣಲಿ ಎಂದು ಮೂರು ಪೆನ್ ಕೊಟ್ಟೆ. ನೌನ್ ಕೆಂಪು, ಅಡ್ಜೆಕ್ಟಿವ್ ಹಸಿರು, ಉಳಿದದ್ದೆಲ್ಲ ನೀಲಿ. ಹದಿನೈದು ದಿನಗಳಲ್ಲಿ ಪುಟಗಟ್ಟಲೆ ತಪ್ಪಿಲ್ಲದೆ ಬರೆಯತೊಡಗಿದರು.

“ನಮ್ಮ ಅಂಗನವಾಡಿ ಹುಡುಗ್ರೂ ಹಿಂಗ ಗೀಚತಾವ್ರಿ, ಅವಕ್ಕ ಮಾರ್ಕ್ಸ್ ಕೊಡೋರಿಲ್ಲ ಅಷ್ಟ,” ಎಂದು ನಗುತ್ತಿದ್ದರು.

ಇಂಗ್ಲಿಷ್ ಪರೀಕ್ಷೆಯ ದಿನ ಇಂಗ್ಲಿಷ್ ಶಿಕ್ಷಕರಿಗೆ ಕೊಠಡಿ ಮೇಲ್ವಿಚಾರಣೆಯ ಕೆಲಸ ಇರುವುದಿಲ್ಲ. ಗೇಟಿನ ಹೊರಗೆ ಕಾಯುತ್ತಿದ್ದೆ. ಪರೀಕ್ಷೆ ಮುಗಿಸಿದ ಮೆಹಬೂಬಿ, ಗೇಟಿನ ಬಳಿ ಇಟ್ಟುಹೋಗಿದ್ದ ಪಾಠದ ನೋಟ್‌ಬುಕ್ ಎತ್ತಿಕೊಂಡು ಅರಳಿದ ಮುಖದಿಂದ ಬಂದರು.

“ಲೆಟರು, ಪ್ರಬಂಧ ಎಲ್ಲಾ ಬಣ್ಣದಾಗ ಬರದೀನ್ರಿ ಸರ. ತಿದ್ದೋರಿಗಿ ಹುಡುಕೋ ತ್ರಾಸೇ ಇಲ್ಲ!”

ಕೆಂಪು, ಹಸಿರು ಶಾಯಿ ತಿದ್ದುವವರದು. ಪರೀಕ್ಷೆ ಬರೆಯುವವರು ಬಳಸಿದರೆ, ತಮ್ಮ ಗುರುತು ಬಿಟ್ಟಿದ್ದಾರೆಂದು ಉತ್ತರಪತ್ರಿಕೆಯನ್ನೇ ಬದಿಗಿಡಬಹುದು.

“ಒಳಗ ಯಾರೂ ಏನೂ ಅನ್ನಲಿಲ್ಲೇನ್ರಿ?”

“ಕಡೀಗಿ ನೋಡಿ ಪೆನ್ ಕಸಗೊಂಡ್ರು. ಅಷ್ಟೊತ್ತಿಗಿ ನಂದು ಮುಗದಿತ್ತು.”

ಒಳಗೆ ಓಡಿದೆ. ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರು ಉತ್ತರಪತ್ರಿಕೆಗಳ ಬಂಡಲ್ ತೋರಿಸಿದರು. “ಸೀಲ್ ಆಗ್ಯಾದ್ರಿ ಮಾಸ್ತರ. ಇನ್ನ ನಾನೂ ಮುಟ್ಟಂಗಿಲ್ಲ, ನೀವೂ ಮುಟ್ಟಂಗಿಲ್ಲ.”

ಹೊರಗೆ ಬಂದವನೇ ಅವರ ಮೇಲೆ ರೇಗಿದೆ. “ಬಣ್ಣ ಮನ್ಯಾಗಷ್ಟೇ, ಪರೀಕ್ಷಾದಾಗ ನೀಲಿ ಒಂದೇ ಅಂತ ಹೇಳಿದ್ನಲ್ರಿ!”

ಅವರು ನೋಟ್‌ಬುಕ್ ಕಂಕುಳಿಗೆ ಸೇರಿಸಿದರು. “ಹೇಳಿರಬೇಕ್ರಿ ಸರ. ನನ್ನ ಲಕ್ಷ್ಯ ಎಲ್ಲಿತ್ತೋ.”

ಯಾದಗಿರಿಯ ಶಿಕ್ಷಣ ಇಲಾಖೆ ಕಚೇರಿಗೆ ಎರಡು ಸಲ ಹೋಗಿ ಅರ್ಜಿ ಕೊಟ್ಟೆ. ಸ್ವೀಕೃತಿ ಸಿಕ್ಕಿತು, ಉತ್ತರ ಸಿಗಲಿಲ್ಲ. ಫಲಿತಾಂಶ ತಡೆಹಿಡಿದರು. ಮರುಪರೀಕ್ಷೆಯಲ್ಲಿ ಮೆಹಬೂಬಿ ಬರೀ ನೀಲಿಯಲ್ಲಿ ಬರೆದು ಪಾಸಾದರು. ಅಷ್ಟರಲ್ಲಿ ಹುದ್ದೆ ಬೇರೆಯವರಿಗೆ ಹೋಗಿತ್ತು. ಇಂದಿಗೂ ಅವರು ಸಹಾಯಕಿಯೇ.

ಪರೀಕ್ಷೆಯಲ್ಲಿ ಬಣ್ಣ ಬೇಡವೆಂದು ನಾನು ಹೇಳಿದ ಸಂಜೆ, ನಿಂತ ಕಿಟಕಿ, ಕೈಯಲ್ಲಿದ್ದ ಸೀಮೆಸುಣ್ಣ ಎಲ್ಲವೂ ನನಗೆ ನೆನಪಿತ್ತು. ಕಳೆದ ವರ್ಷ ಅವರ ಮಗಳು ನನ್ನ ಎಂಟನೆಯ ತರಗತಿಗೆ ಬಂದಳು, ತಾಯಿಯ ಹಳೆಯ ನೋಟ್‌ಬುಕ್ ಹಿಡಿದು. ಮೊದಲ ಪುಟದಲ್ಲಿ ನನ್ನದೇ ಕೈಬರಹ: ‘ಬಣ್ಣ ಹಾಕದೆ ಒಂದು ವಾಕ್ಯವನ್ನೂ ಬಿಡಬೇಡಿ.’ ಕೊನೆಯ ಪುಟದವರೆಗೂ ತಿರುವಿದೆ. ಪರೀಕ್ಷೆಯಲ್ಲಿ ಬೇಡ ಎಂಬ ಮಾತು ಎಲ್ಲೂ ಇರಲಿಲ್ಲ.

ಬಾಯಲ್ಲಾದರೂ ಹೇಳಿದ್ದೆನೇ? ಗೊತ್ತಿಲ್ಲ. ಹೇಳಿದ್ದೇನೆ ಎಂಬ ನೆನಪು ಹೇಳಿದ್ದಕ್ಕೆ ಸಾಕ್ಷಿಯಲ್ಲ ಎಂದು ಆ ನೋಟ್‌ಬುಕ್ ಕಲಿಸಿತು. ಈಗ ಪರೀಕ್ಷೆಯ ಹಿಂದಿನ ದಿನ ನಾನು ಸೂಚನೆ ಕೊಡುವುದಿಲ್ಲ. ಒಬ್ಬೊಬ್ಬರ ಬಾಯಿಂದಲೇ ಹೇಳಿಸುತ್ತೇನೆ.

ಆ ದಿನ ಗೇಟಿನಲ್ಲಿ ನಾನು ರೇಗುವಾಗ ಆ ನೋಟ್‌ಬುಕ್ ಅವರ ಕೈಯಲ್ಲೇ ಇತ್ತು. ಅವರು ಅದನ್ನು ತೆರೆಯಲಿಲ್ಲ. ಇದೊಂದು ಮಾತ್ರ ನನಗೆ ಖಚಿತವಾಗಿ ನೆನಪಿದೆ.