ಇ-ರೀಡರ್ ತುಂಬ ಕಿಟಕಿಗಳು

"ಇದರಲ್ಲಿ ಬರೀ ಕಿಟಕಿಗಳೇ ಉಂಟಲ್ಲ ಮಾರಾಯ್ತಿ, ಅಕ್ಷರ ಎಲ್ಲಿ?" ಕೊಲ್ಲಿ ದೇಶದ ಮನಾಮಾ ನಗರದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಝುಬೇದಾ ಆಂಟಿ ಇ-ರೀಡರನ್ನು ನನ್ನ ಮುಖದ ಮುಂದೆ ಹಿಡಿದರು.

ಅಲ್ಲಿನ ಗುಫೂಲ್ ಬಡಾವಣೆಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ಈ ಮಂಗಳೂರಿನ ಆಂಟಿಗೆ ಕಣ್ಣು ಮಂಜಾಗಿ ಕನ್ನಡ ಕಾದಂಬರಿ ಓದುವುದೇ ನಿಂತುಹೋಗಿತ್ತು. ಟ್ಯಾಬ್ಲೆಟ್ ಬೇಡ, ಇ-ರೀಡರೇ ಸರಿ ಎಂದು ದಾರಿಯುದ್ದಕ್ಕೂ ವಾದಿಸಿದವಳು ನಾನು. ಕಣ್ಣಿಗೆ ತಂಪು, ಬ್ಯಾಟರಿ ವಾರಗಟ್ಟಲೆ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನ್ನಲ್ಲಿ ಎಲ್ಲ ಆಕ್ಷೇಪಕ್ಕೂ ಉತ್ತರವಿತ್ತು. ಅದಕ್ಕೆ ಕನ್ನಡ ಬರುತ್ತದೆಯೇ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಅಂಗಡಿಯವರು ಹಾಕಿಕೊಟ್ಟ ಕಾದಂಬರಿ ಸಾಲುಸಾಲು ಖಾಲಿ ಚೌಕಗಳಾಗಿ ಕೂತಿತ್ತು.

ಅದೇ ಕಾದಂಬರಿ ಪಕ್ಕದಲ್ಲೇ ಇಟ್ಟಿದ್ದ ಟ್ಯಾಬ್ಲೆಟ್‌ನಲ್ಲಿ ಅಚ್ಚುಕಟ್ಟಾಗಿ ತೆರೆಯಿತು. ಆಂಟಿ ಎರಡು ಬೆರಳಿನಿಂದ ಅಕ್ಷರ ಹಿಗ್ಗಿಸಿದರು, ಮತ್ತೂ ಹಿಗ್ಗಿಸಿದರು. ಕನ್ನಡಕ ತೆಗೆದು ಪರ್ಸಿಗೆ ಹಾಕಿ, ಇಡೀ ಅಂಗಡಿಗೆ ಕೇಳುವಂತೆ ಓದತೊಡಗಿದರು.

"ಆದ್ರೂ ಆಂಟಿ, ಬ್ಯಾಟರಿ..." ಎಂದೆ.

"ನೀನು ವಾದ ಮಾಡ್ತಾ ಇರು, ನಾನು ಈ ಪುಟ ಮುಗಿಸ್ತೇನೆ."

ಸೋತ ವಾದಕ್ಕೆ ನಾನು ಅಷ್ಟು ನಕ್ಕದ್ದು ಅದೇ ಮೊದಲು. ಈಗ ಸಂಜೆಯಾದರೆ ಗೋಡೆಯಾಚೆಯಿಂದ ಕಥೆ ಕೇಳಿಸುತ್ತದೆ. ಮುಂದೇನಾಯಿತೆಂದು ತಿಳಿಯಲು ನಮ್ಮ ಮನೆಯ ಟಿವಿಯ ಸದ್ದು ಸಣ್ಣ ಮಾಡುವವಳೂ ನಾನೇ.