ಇಲಿವಾರದ ಕರಿಗಡಬು

ಚಂದ್ರವ್ವ ದಿನಾ ಬೆಳಿಗ್ಗೆ ಖಾನಾಪುರದಿಂದ ಬಸ್ಸು ಹಿಡಿದು ಮಚ್ಛೆಗೆ ಬರುತ್ತಾಳೆ. ನಮ್ಮ ಲ್ಯಾಬಿನಲ್ಲಿ ಇಲಿ ನೋಡಿಕೊಳ್ಳುವ ಕೆಲಸ ಆಕೆಯದು. ಡಬ್ಬಿ ತೊಳೆಯಬೇಕು, ಹೊಟ್ಟು ಬದಲಿಸಬೇಕು, ಕಾಳು ನೀರು ಇಡಬೇಕು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವಳಲ್ಲ. ಮಚ್ಛೆಯಲ್ಲೇ ಮನೆ ಮಾಡಿಕೊಂಡಿರುವ ನಾನು ಮಾತ್ರ ದಿನಾ ತಡ. ಅದನ್ನು ಎತ್ತಿ ಆಡದಿದ್ದರೆ ಆಕೆಗೆ ತಿಂದ ರೊಟ್ಟಿ ಕರಗುವುದಿಲ್ಲ.

ಹೋದ ವರ್ಷ ಚೌತಿಯ ಹೊತ್ತಿಗೆ ನಮ್ಮ ವಿಜ್ಞಾನಿ ತನ್ಮಯಿ ಮೇಡಂ ಅವರ ದೊಡ್ಡ ಪ್ರಯೋಗ ನಡೆದಿತ್ತು. ಮೂವತ್ತು ಬಿಳಿ ಇಲಿ, ಆರು ಡಬ್ಬಿ. ಮೂರು ಡಬ್ಬಿಯ ಇಲಿಗಳ ತೊಡೆಗೆ ಒಂದು ಜೀನ್ ಚುಚ್ಚಿದ್ದೆವು. ಅದೊಂದು ಅಡುಗೆಯ ಚೀಟಿ ಇದ್ದಂತೆ. ಅದನ್ನು ಓದಿಕೊಂಡು ಇಲಿಯ ಸ್ನಾಯುವೇ ಫ್ಲೂ ವೈರಸ್ಸನ್ನು ತಡೆಯುವ ಪ್ರತಿಕಾಯ ತಯಾರಿಸುತ್ತದೆ. ಉಳಿದ ಮೂರು ಡಬ್ಬಿಗೆ ಬರೀ ಉಪ್ಪುನೀರು. ಮೂರು ವಾರ ಕಾದು ಎಲ್ಲಕ್ಕೂ ವೈರಸ್ ಕೊಟ್ಟು ನೋಡಬೇಕು. ಅಲ್ಲಿಯವರೆಗೆ ಎಲ್ಲಕ್ಕೂ ಒಂದೇ ಕಾಳು, ಒಂದೇ ನೀರು. ಒಂದು ಡಬ್ಬಿಗೆ ಹೆಚ್ಚು, ಒಂದಕ್ಕೆ ಕಡಿಮೆ ಆಯಿತೋ, ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ನಾಳೆ ವೈರಸ್ ಕೊಡಬೇಕು ಎನ್ನುವಾಗ ಮೇಡಂಗೆ ಡಬ್ಬಿಯೊಂದರಲ್ಲಿ ಹಬ್ಬಕ್ಕೆ ಹೂರಣ ತುಂಬಿ ಕರಿದ ಕರಿಗಡಬಿನ ಚೂರು ಸಿಕ್ಕಿತು. ಚೌತಿಯ ಮರುದಿನ ನಮ್ಮ ಕಡೆ ಇಲಿವಾರ. ಗಣಪ್ಪನ ವಾಹನಕ್ಕೂ ಅಂದು ಎಡೆ ಇಡುತ್ತಾರೆ.

"ಯಾರು ಹಾಕಿದ್ದು ಇದನ್ನ?" ಮೇಡಂ ಮುಖ ಬಿಳಿಚಿಕೊಂಡಿತ್ತು.

"ನಾನರೀ," ಎಂದಳು ಚಂದ್ರವ್ವ. "ಇವತ್ತ ಇಲಿವಾರ ಅಲ್ಲೇನ್ರಿ? ಮನ್ಯಾಗಿನ ಇಲಿ ಕಡಬು ತಿಂದು ತೇಗತಾವ, ಇವು ಬರೇ ಒಣಾ ಕಾಳ ಕಡೀತಾವ. ಜೀವ ತಡೀಲಿಲ್ರೀ."

ಕೆಲಸ ಹೋಯಿತೆಂದು ಆಕೆಗೂ ಅನಿಸಿರಬೇಕು, ಸೆರಗಿನ ತುದಿ ಹಿಡಿದು ನಿಂತಳು. ನನಗಂತೂ ಸಂಕಟವಾಯಿತು. ಹನ್ನೊಂದು ವರ್ಷ ತಪ್ಪದವಳು ಒಂದು ಕಡುಬಿಗೆ ತಪ್ಪಿದಳಲ್ಲ!

"ಯಾವ ಡಬ್ಬಿಗೆ ಹಾಕಿದ್ರಿ?" ಮೇಡಂ ಕೇಳಿದರು.

ಚಂದ್ರವ್ವನಿಗೆ ಸಿಟ್ಟೇ ಬಂತು. "ಯಾವ ಡಬ್ಬಿ ಅಂದ್ರ? ಪಂಕ್ತ್ಯಾಗ ಒಬ್ಬರಿಗೆ ಬಡಿಸಿ ಇನ್ನೊಬ್ಬರಿಗೆ ಬಿಡ್ತಾರೇನ್ರಿ? ಮೂವತ್ತಕ್ಕೂ ಒಂದೊಂದು ಚೂರು, ಎಲ್ಲಾ ಒಂದ ಅಳತಿ."

ಮೇಡಂ ಕುರ್ಚಿಯಲ್ಲಿ ಕುಸಿದು ಕುಳಿತು ನಗತೊಡಗಿದರು. ಎಲ್ಲಕ್ಕೂ ಸಮ ಎಂದಮೇಲೆ ಹೋಲಿಕೆ ಕೆಡಲಿಲ್ಲ. ನಡೆದದ್ದನ್ನು ಇದ್ದ ಹಾಗೆ ದಾಖಲೆಯಲ್ಲಿ ಬರೆದು, ಚಂದ್ರವ್ವನಿಗೆ ಚೆನ್ನಾಗಿ ಬೈದು, ಮರುದಿನ ವೈರಸ್ ಕೊಟ್ಟೆವು.

ಹತ್ತು ದಿನ ಕಳೆದರೂ ಜೀನ್ ಪಡೆದ ಹದಿನೈದೂ ಇಲಿಗಳು ಡಬ್ಬಿ ತುಂಬ ಓಡಾಡುತ್ತಿದ್ದವು. ಉಪ್ಪುನೀರಿನವು ಒಂದೂ ಉಳಿಯಲಿಲ್ಲ. ಮೇಡಂ ಪೇಢೆ ಹಂಚಿದರು. ಚಂದ್ರವ್ವ ತಿನ್ನಲಿಲ್ಲ, ಖಾಲಿ ಡಬ್ಬಿ ತೊಳೆಯುತ್ತ ಅಳುತ್ತಿದ್ದಳು.

"ಈ ಸತ್ತ ಹದಿನೈದಕ್ಕೂ ಆ ಔಷಧ ಕೊಡಬೇಕಿತ್ತಲ್ರೀ ಮೇಡಂ?"

"ಎಲ್ಲಾಕ್ಕೂ ಕೊಟ್ಟಿದ್ರ, ಔಷಧದಿಂದನ ಉಳದಾವು ಅಂತ ಹೆಂಗ ಗೊತ್ತಾಗ್ತಿತ್ತು, ಚಂದ್ರವ್ವ?"

ಆಕೆ ಕಣ್ಣೊರೆಸಿಕೊಂಡಳು. "ಈಗ ಗೊತ್ತಾತಲ್ರೀ. ಮುಂದಿನ ಸಲ ಎಲ್ಲಾಕ್ಕೂ ಕೊಡ್ರಿ."

ಮುಂದಿನ ಸಲವೂ ಅರ್ಧಕ್ಕೆ ಉಪ್ಪುನೀರೇ ಎಂದು ಹೇಳಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ.